ಐವತ್ತೊಂದೂವರೆ ಡಿಗ್ರಿಯ ಧ್ರುವ

ನಮ್ಮ ಕೋಲಾರದಲ್ಲಿ ದಾರಿ ಕೇಳಿದವರಿಗೆ ‘ಗೊತ್ತಿಲ್ಲ’ ಎಂಬ ಉತ್ತರ ಸಿಕ್ಕಿದ್ದನ್ನು ನಾನು ಕೇಳಿಲ್ಲ. ವಕ್ಕಲೇರಿಗೆ ಹೋಗಬೇಕಾದ ಪರಸ್ಥಳದವರೊಬ್ಬರು ಪೇಟೆಯಲ್ಲಿ ನಾಲ್ವರನ್ನು ವಿಚಾರಿಸಿ, ನಾಲ್ಕು ದಿಕ್ಕಿಗೂ ಸ್ವಲ್ಪ ಸ್ವಲ್ಪ ದೂರ ನಡೆದು, ಕಡೆಗೆ ಹೊರಟ ಜಾಗಕ್ಕೇ ಬಂದು ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. ನಾಲ್ವರೂ ಸಜ್ಜನರೇ; ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದೆಂಬ ಔದಾರ್ಯ ಅವರದು. ಅನ್ನ, ನೀರು, ಅಜ್ಞಾನ ಯಾವುದನ್ನೂ ಇಲ್ಲವೆನ್ನದೆ ಹಂಚುವ ಊರು ನಮ್ಮದು.

ಈ ಔದಾರ್ಯ ಆಕಾಶದವರೆಗೂ ಏರಬಲ್ಲದೆಂದು ನನಗೆ ತಿಳಿದದ್ದು ಖಗೋಳಶಾಸ್ತ್ರದ ತರಗತಿಗೆ ಸೇರಿದ ವರ್ಷ. ಯುದ್ಧದ ಕಾಲ, ಸೀಮೆಎಣ್ಣೆಗೂ ಕಾಗದಕ್ಕೂ ಅಭಾವ. ಅಂಥದ್ದರಲ್ಲಿ ಊರಿನ ಕಾಲೇಜು ಖಗೋಳಶಾಸ್ತ್ರದ ಆರಂಭಿಕ ಪಾಠವನ್ನು ತೆರೆಯಿತು. ನಕ್ಷತ್ರಗಳಿಗೆ ರೇಷನ್ ಇಲ್ಲವೆಂಬುದೇ ಕಾರಣವಿರಬೇಕು. ಮೂವತ್ತು ಹುಡುಗರ ನಡುವೆ ನಾನೊಬ್ಬಳೇ ಹುಡುಗಿ. ಪ್ರಿನ್ಸಿಪಾಲರು ನನ್ನನ್ನು ಸೇರಿಸಿಕೊಳ್ಳುವಾಗ ಒಂದು ಷರತ್ತು ಹಾಕಿದರು: ಅಧ್ಯಾಪಕರಿಂದ ಒಂದೇ ಒಂದು ದೂರು ಬಂದರೂ ಹಾಜರಿ ಪಟ್ಟಿಯಿಂದ ಹೆಸರು ಹೊಡೆದುಹಾಕಲಾಗುವುದು. ಅಪ್ಪ ಇನ್ನೊಂದು ಹಾಕಿದರು: ಸಂಜೆಯ ವೀಕ್ಷಣೆಗೆ ಅತ್ತೆ ಜೊತೆಯಲ್ಲಿರಬೇಕು. ಅತ್ತೆ ಎಂದರೆ ಅಪ್ಪನ ಅಕ್ಕ. ತಾಯಲೂರಿನಲ್ಲಿ ಬಾಳಿ, ಗಂಡನನ್ನು ಕಳೆದುಕೊಂಡು ನಮ್ಮಲ್ಲಿಗೆ ಬಂದವರು. ಅರ್ಧ ಕನ್ನಡ, ಅರ್ಧ ತೆಲುಗು, ಪೂರ್ತಿ ನಿರ್ಭಯ. ಈ ಎರಡು ಷರತ್ತುಗಳೂ ಒಂದನ್ನೊಂದು ಕೊಲ್ಲಬಲ್ಲವೆಂದು ಆಗ ನನಗೆ ಹೊಳೆಯಲಿಲ್ಲ.

ನಮ್ಮ ಅಧ್ಯಾಪಕರು ವಿದ್ವಾಂಸರು, ಸಾಧುಗಳು. ಇಂಗ್ಲೆಂಡಿನಲ್ಲಿ ಅಚ್ಚಾದ ದಪ್ಪ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟು ಬಾಯಲ್ಲಿ ಹೇಳಿ ಬರೆಸುವರು, ನಾವು ಬರೆದುಕೊಳ್ಳುವೆವು. ಜುಲೈ ಆಗಸ್ಟ್ ಎರಡೂ ತಿಂಗಳು ಮೋಡ ಕವಿದಿದ್ದುದರಿಂದ ಯಾವ ಅಡ್ಡಿಯೂ ಇಲ್ಲದೆ, ಯಾರೂ ಒಮ್ಮೆಯೂ ತಲೆಯೆತ್ತದೆ, ಇಡೀ ಸೌರಮಂಡಲವನ್ನು ಸುತ್ತಿ ಮುಗಿಸಿದೆವು. ಸೆಪ್ಟೆಂಬರಿನಲ್ಲಿ ಆಕಾಶ ತಿಳಿಯಾಯಿತು. ಇನ್ನು ನೋಡದೆ ವಿಧಿಯಿರಲಿಲ್ಲ.

ಆ ಸಂಜೆ ಏಳು ಗಂಟೆಗೆ ಕಾಲೇಜಿನ ತಾರಸಿಯ ಮೇಲೆ ಸೇರಿದೆವು. ಅತ್ತೆ ಶಾಲು ಹೊದ್ದು ಮೂಲೆಯಲ್ಲಿ ಕುಳಿತರು. ಅಧ್ಯಾಪಕರು ಟಾರ್ಚಿನ ಬೆಳಕಿನಲ್ಲಿ ಪುಸ್ತಕದ ನಕ್ಷೆಯನ್ನು ನೋಡಿ, ಉತ್ತರಕ್ಕೆ ತಿರುಗಿ, ನೆತ್ತಿಗೂ ದಿಗಂತಕ್ಕೂ ನಡುವೆ, ಅರ್ಧಕ್ಕಿಂತ ತುಸು ಮೇಲೆ ಕೋಲು ಚಾಚಿ ಘೋಷಿಸಿದರು: “ಧ್ರುವ ನಕ್ಷತ್ರ. ಎತ್ತರ ಐವತ್ತೊಂದೂವರೆ ಡಿಗ್ರಿ. ಕಂಡಿತೇ?”

ಕೋಲಿನ ತುದಿಯಲ್ಲಿ ಕತ್ತಲೆಯಿತ್ತು. ಬೇರೇನೂ ಇರಲಿಲ್ಲ.

“ಕಂಡಿತು ಸಾರ್” ಎಂದಿತು ಮೂವತ್ತು ಕಂಠಗಳ ವೃಂದಗಾನ. ನನ್ನ ಮುಂದೆ ಮಾಲೂರಿನವನೊಬ್ಬ ಶ್ರೀನಿವಾಸಪುರದವನ ಪಕ್ಕೆ ತಿವಿದು, “ಏನ್ಲಾ, ನಿಂಗೆ ಕಾಣ್ತಾ?” ಎಂದು ಪಿಸುಗುಟ್ಟಿದ.

“ನಂಗೇನ್ ಕಾಣ್ತದೆ? ಸುಮ್ನೆ ಕಂಡಿತು ಅನ್ನೋ ಲೇ, ಚಳಿ ಆಗ್ತಾ ಐತೆ.”

ಇದರಲ್ಲಿ ಅವರ ತಪ್ಪೇನೂ ಇಲ್ಲ. ನಮ್ಮ ಮದುವೆಗಳಲ್ಲಿ ಪುರೋಹಿತರು ಕಡು ಮಧ್ಯಾಹ್ನ ವಧೂವರರನ್ನು ಅಂಗಳಕ್ಕೆ ಕರೆದು ಅರುಂಧತಿಯನ್ನು ತೋರಿಸುತ್ತಾರೆ. ಇಬ್ಬರೂ ಸೂರ್ಯನಿಗೆ ಕಣ್ಣು ಕಿವುಚಿ, ಕಂಡಿತೆಂದು ಒಪ್ಪಿ, ಊಟಕ್ಕೆ ಏಳುತ್ತಾರೆ. ಹಗಲಿನಲ್ಲೇ ನಕ್ಷತ್ರ ಕಂಡ ವಂಶದವರಿಗೆ ರಾತ್ರಿಯಲ್ಲಿ ಕಾಣುವುದು ಎಷ್ಟರ ಮಾತು?

ಅತ್ತೆಗೆ ಮಾತ್ರ ಈ ಶಿಸ್ತು ತಿಳಿಯದು. “ಅದೇನ್ ಸ್ವಾಮೀ, ಧ್ರುವ ಅಷ್ಟು ಮೇಲಕ್ಕೆ ಯಾವಾಗ ಹತ್ತಿದ? ನಮ್ಮ ತಾಯಲೂರಲ್ಲಿ ಕೆರೆ ಏರಿ ಮೇಲೆ ನಿಂತ್ರೆ ತಾಟಿಚೆಟ್ಟು ತಲೆ ಮೇಲೆ ಕೂತಿರ್ತಾನಲ್ಲ, ಆ ತಾಳೆಮರದಷ್ಟು ಎತ್ತರ, ಅಷ್ಟೇ.”

“ಅಮ್ಮಾ, ಅದು ತಾಯಲೂರು. ಇದು ಸೈನ್ಸು” ಎಂದರು ಅಧ್ಯಾಪಕರು. ಹುಡುಗರು ನಕ್ಕರು. ಅಧ್ಯಾಪಕರು ನನ್ನತ್ತ ತಿರುಗಿದರು. “ನಿಮಗೆ ಕಂಡಿತೇನಮ್ಮ?”

ದೂರು, ಹಾಜರಿ ಪಟ್ಟಿ, ಹೊಡೆದುಹಾಕಿದ ಹೆಸರು, ಎಲ್ಲವೂ ನನಗೆ ಧ್ರುವನಿಗಿಂತ ಸ್ಪಷ್ಟವಾಗಿ ಕಂಡವು. “ಕಂಡಿತು ಸಾರ್” ಎಂದೆ.

ಮನೆಯ ಬಾಗಿಲಲ್ಲಿ ಕಾಲು ತೊಳೆಯುತ್ತ ಅತ್ತೆ ಅಂದರು: “ಸುಳ್ಳು ಹೇಳೋದಕ್ಕೆ ಕಾಲೇಜಿಗೆ ಯಾಕೆ ಹೋಗ್ಬೇಕಿತ್ತು ಕಣೇ? ಮನೇಲೇ ಕಲಿಸ್ತಿದ್ವಲ್ಲ.”

ಮರುದಿನ ಸಂಜೆ ನಮ್ಮ ಮಹಡಿ ಹತ್ತಿದೆ. ಜಾಮಿಟ್ರಿ ಪೆಟ್ಟಿಗೆಯ ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಅತ್ತೆಯ ಅಡಕೆ ಕತ್ತರಿಯನ್ನು ತೂಗುಬಿಟ್ಟೆ. ವಿಜ್ಞಾನದ ಇತಿಹಾಸದಲ್ಲಿ ಇಷ್ಟು ಸುಣ್ಣ ಹತ್ತಿದ ಉಪಕರಣ ಇನ್ನೊಂದಿರಲಾರದು. ಅತ್ತೆ ಬೆರಳು ತೋರಿದ ಕಡೆ, ಪಕ್ಕದ ಮನೆಯ ಹುಣಿಸೆಮರದ ಮೇಲೆ, ಮಂಕಾಗಿ ಒಂದು ನಕ್ಷತ್ರ. ಮೂರು ಸಲ ಅಳೆದೆ. ಮೂರು ಸಲವೂ ಹದಿಮೂರು ಡಿಗ್ರಿ. ಒಂದು ಗಂಟೆ ಬಿಟ್ಟು ನೋಡಿದರೂ ಅದು ಅಲ್ಲೇ ಇತ್ತು, ಉಳಿದವೆಲ್ಲ ಸರಿದಿದ್ದವು. ವೀಕ್ಷಣಾ ಪುಸ್ತಕದಲ್ಲಿ ಹದಿಮೂರು ಎಂದು ಬರೆದು, ಧೈರ್ಯ ಕರಗುವ ಮುನ್ನ ಮಸಿ ಒತ್ತುವ ಕಾಗದದಿಂದ ಒತ್ತಿದೆ.

ಸೋಮವಾರ ಅಧ್ಯಾಪಕರು ಕರೆಸಿದರು. “ಮೂವತ್ತು ಜನ ಐವತ್ತೊಂದೂವರೆ ಬರೆದಿದ್ದಾರೆ. ಅಷ್ಟೂ ಜನ ತಪ್ಪು, ನೀವೊಬ್ಬರು ಸರಿಯೇನಮ್ಮ? ಇದನ್ನು ನಾನು ಪ್ರಿನ್ಸಿಪಾಲರಿಗೆ ಹೇಳಬೇಕಾಗುತ್ತೆ.”

ವಾದಿಸುವುದು ನನ್ನ ಸ್ವಭಾವವಲ್ಲ. ಜುಲೈ ತಿಂಗಳ ಟಿಪ್ಪಣಿಯನ್ನು ತೆರೆದು ಅವರ ಮುಂದಿಟ್ಟೆ. ಎರಡನೆಯ ಪಾಠ, ಅವರೇ ಬರೆಸಿದ್ದು: ಯಾವುದೇ ಊರಿನಲ್ಲಿ ಧ್ರುವದ ಎತ್ತರ ಆ ಊರಿನ ಅಕ್ಷಾಂಶಕ್ಕೆ ಸಮ. ಗೋಡೆಯ ಮೇಲಿನ ಭೂಪಟದಲ್ಲಿ ಕೋಲಾರ ಹದಿಮೂರರ ಗೆರೆಯ ಪಕ್ಕದಲ್ಲಿತ್ತು. ಅವರು ಭೂಪಟ ನೋಡಿದರು, ದಪ್ಪ ಪುಸ್ತಕದ ನಕ್ಷೆ ತೆಗೆದರು, ಅದರಡಿಯ ಸಣ್ಣಕ್ಷರಕ್ಕೆ ಕನ್ನಡಕ ಹಿಡಿದರು. ನಕ್ಷೆ ಲಂಡನ್ನಿನ ಆಕಾಶದ್ದು, ಐವತ್ತೊಂದೂವರೆ ಅಕ್ಷಾಂಶದ್ದು. ಪುಸ್ತಕ ಮುಚ್ಚಿ “ಹೋಗಿ” ಎಂದರು. ಪ್ರಿನ್ಸಿಪಾಲರ ಕೋಣೆಗೋ, ತರಗತಿಗೋ ಹೇಳಲಿಲ್ಲ.

ನಾಲ್ಕು ದಿನ ಹಾಜರಿ ಕೂಗುವಾಗ ನನ್ನ ಹೆಸರು ಬರುವವರೆಗೆ ಉಸಿರು ಹಿಡಿದು ಕುಳಿತೆ. ಐದನೆಯ ದಿನ ಮತ್ತೆ ತಾರಸಿ. “ಹಿಂದೆಯೇ ವಿವರಿಸಿದಂತೆ ಧ್ರುವದ ಎತ್ತರ ಹದಿಮೂರು ಡಿಗ್ರಿ” ಎಂದು ಅಧ್ಯಾಪಕರು ಕೋಲನ್ನು ತಗ್ಗಿಸಿದರು. ಮೂವತ್ತು ರಬ್ಬರುಗಳು ಒಮ್ಮೆಗೇ ಐವತ್ತೊಂದೂವರೆಯನ್ನು ಅಳಿಸಿದವು. ಯಾರೂ ತಪ್ಪು ಮಾಡದೆಯೇ ಎಲ್ಲರೂ ತಿದ್ದಿಕೊಂಡರು. “ಕಂಡಿತೇ?”

“ಕಂಡಿತು ಸಾರ್.”

“ನಿಮಗೆ?” ಈ ಸಲ ಅವರು ತುಸು ಮೆಲ್ಲಗೆ ಕೇಳಿದರು.

“ಇಲ್ಲ ಸಾರ್” ಎಂದೆ. “ಮೋಡ ಇದೆ.”

ಅಧ್ಯಾಪಕರು ಪುಸ್ತಕದಿಂದ ಕಣ್ಣೆತ್ತಿ ಉತ್ತರದ ಕಡೆ ನೋಡಿದರು. ಅಂಚಿನಿಂದ ಅಂಚಿಗೆ ಕಪ್ಪು ಮೋಡ. ಮೂಲೆಯಲ್ಲಿ ಅತ್ತೆ ಗಂಟಲು ಸರಿಮಾಡಿಕೊಂಡರು. ಪುಣ್ಯಕ್ಕೆ ಅಲ್ಲಿಗೇ ನಿಲ್ಲಿಸಿದರು.

ಅಧ್ಯಾಪಕರು ನನ್ನ ಕೈಯಿಂದ ವೀಕ್ಷಣಾ ಪುಸ್ತಕ ತೆಗೆದುಕೊಂಡು, ಟಾರ್ಚನ್ನು ಕಂಕುಳಲ್ಲಿ ಅವುಚಿ, ಅಂದಿನ ಸಾಲಿನಲ್ಲಿ ತಾವೇ ‘ಮೋಡ. ಏನೂ ಕಾಣಲಿಲ್ಲ’ ಎಂದು ಬರೆದು ಕೆಳಗೆ ರುಜು ಹಾಕಿದರು. ಆ ಸಂಜೆಯ ಮೂವತ್ತೊಂದು ಪುಸ್ತಕಗಳಲ್ಲಿ ಧ್ರುವ ಕಾಣದೆಹೋದದ್ದು ಅದೊಂದರಲ್ಲಿ ಮಾತ್ರ.