ಒಸಾಕಾದಿಂದ ತಂದ ಬೋರ್ಡು

"ಸಾರ್, ಒಂದು ದಿನ ಸುಮ್ನೆ ಮಲಗ್ಸಿದ್ದಕ್ಕೆ ಸತ್ತೋಗೋ ಮಿಷಿನ್ನ ಯಾರಾದ್ರೂ ಬೇಕಂತ ಮಾಡ್ತಾರಾ?"

ಎತ್ತಪ್ಪ ನನ್ನನ್ನು ಹೀಗೆ ಕೇಳಿದ್ದು 2003ರಲ್ಲಿ, ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟಸಾಲಿನ ಒಂದು ಗಾಳಿಯಂತ್ರದ ಬುಡದಲ್ಲಿ ಕುಳಿತು ಊಟದ ಡಬ್ಬಿ ಬಿಚ್ಚುತ್ತಿದ್ದಾಗ. ನಾನು ಆಗಷ್ಟೇ ಕೆಲಸಕ್ಕೆ ಸೇರಿದ ಇಪ್ಪತ್ಮೂರರ ಇಂಜಿನಿಯರು, ಅವರು ನಲವತ್ತು ದಾಟಿದ ಟೆಕ್ನಿಶಿಯನ್ನು. ಹುದ್ದೆಯಲ್ಲಿ ನಾನು ಮೇಲಿನವನು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಬದಲು, ಅಂಥ ಯಂತ್ರವೇ ಇರಲು ಸಾಧ್ಯವಿಲ್ಲ ಎಂದುಬಿಟ್ಟೆ.

ಅವರು ವಾದಿಸಲಿಲ್ಲ. ಮುದ್ದೆ ಮುರಿಯುತ್ತ ತಮ್ಮ ಕಥೆ ಹೇಳಿದರು.

ಎತ್ತಪ್ಪ ಹಿರಿಯೂರಿನ ಹತ್ತಿರದ ಗೊಲ್ಲರಹಟ್ಟಿಯವರು. ಐಟಿಐ ಮುಗಿಸಿ ಟಿವಿ, ರೇಡಿಯೋ ರಿಪೇರಿ ಮಾಡಿಕೊಂಡಿದ್ದವರು 1994ರಲ್ಲಿ ಹಿರಿಯೂರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ವಿಡಿಯೋ ಗೇಮ್ ಅಂಗಡಿ ತೆರೆದರು. ದಾವಣಗೆರೆಯ ವ್ಯಾಪಾರಿಯೊಬ್ಬರಿಂದ ತಂದ ಹಳೆಯ ಯಂತ್ರ, ಅದರಲ್ಲೊಂದು ಆಕಾಶನೌಕೆಗಳ ಕಾಳಗದ ಆಟ. ಆದರೆ ಅಂಗಡಿಯ ನಿಜವಾದ ಮೆಕ್ಯಾನಿಕ್ಕು ಅವರ ಹೆಂಡತಿ ತಿಪ್ಪಕ್ಕ. ಏಳನೇ ಕ್ಲಾಸು ಓದಿದ್ದ ಆಕೆ ಗಂಡನನ್ನು ನೋಡಿ ಬೆಸುಗೆ ಕಲಿತಳು. ಗುಂಡಿ ಕಿತ್ತುಹೋದರೆ ಹಾಕುವವಳು ಅವಳೇ, ನೌಕೆ ತಿರುಗಿಸುವ ಹಿಡಿಯ ತಂತಿ ತುಂಡಾದರೆ ಸೇರಿಸುವವಳೂ ಅವಳೇ. ಬಾಗಿಲು ಹಾಕಿದ ಮೇಲೆ ಆಟವನ್ನೂ ಆಡುತ್ತಿದ್ದಳು, ಓಣಿಯ ಯಾವ ಹುಡುಗನೂ ಮುಟ್ಟಲಾಗದಷ್ಟು ಚೆನ್ನಾಗಿ.

1996ರ ಆಯುಧಪೂಜೆಯ ದಿನ ಆಕೆ ಅಂಗಡಿಯ ಪ್ರತಿಯೊಂದು ವಸ್ತುವನ್ನೂ ತೊಳೆದು, ಒರೆಸಿ, ವಿಭೂತಿ ಕುಂಕುಮ ಇಟ್ಟಳು. ಆ ದಿನ ದುಡಿಯುವ ಯಾವುದೂ ದುಡಿಯಬಾರದು. ಸ್ಕ್ರೂಡ್ರೈವರು, ಬೆಸುಗೆ ಕಡ್ಡಿ, ಮೀಟರು ಎಲ್ಲವೂ ಮಣೆಯ ಮೇಲೆ ಮಲಗಿದವು. ಯಂತ್ರದ ಪ್ಲಗ್ಗನ್ನೂ ತೆಗೆದಾಯಿತು. ಅದರ ಹಿಂಬಾಗಿಲು ತೆರೆದು ಧೂಳು ಹೊಡೆಯುವಾಗ, ಆಟವಿದ್ದ ಸರ್ಕ್ಯೂಟ್ ಬೋರ್ಡಿನ ಮೂಲೆಯಲ್ಲಿ ಒಂದು ಪುಟ್ಟ ಬ್ಯಾಟರಿ ಕಂಡಿತು. ಎಲ್ಲರಿಗೂ ರಜೆ ಇರುವಾಗ ಇದೊಂದು ಯಾಕೆ ದುಡಿಯಬೇಕು ಎಂದುಕೊಂಡು ಅದನ್ನು ಬಿಚ್ಚಿ, ಹೂವಿನೊಂದಿಗೆ ದೇವರ ಮುಂದೆ ಇಟ್ಟಳು. ಮರುದಿನ ಅದನ್ನು ಅದರ ಜಾಗದಲ್ಲೇ ಕೂರಿಸಿ ಸ್ವಿಚ್ಚು ಹಾಕಿದರೆ ಪರದೆಯ ಮೇಲೆ ಬರೀ ನೀಲಿ. ಆಟ ಮತ್ತೆ ಬರಲೇ ಇಲ್ಲ. ಅಂಗಡಿ ಮುಚ್ಚಿತು, ಎತ್ತಪ್ಪ ಗಾಳಿಯಂತ್ರದ ಕೆಲಸ ಹಿಡಿದು ಚಿತ್ರದುರ್ಗಕ್ಕೆ ಬಂದರು.

"ಅವತ್ತಿಂದ ಅವಳು ಮಿಷಿನ್ನು ಅಂದ್ರೆ ಮುಟ್ಟಾದಿಲ್ಲ ಸಾರ್. ಮನೇಲಿ ಮಿಕ್ಸಿ ಐತೆ, ಒಳಕಲ್ಲಾಗೆ ರುಬ್ತಾಳೆ. ಫ್ಯಾನ್ ಸ್ವಿಚ್ಚೂ ನಾನೇ ಹಾಕ್ಬೇಕು. ನನ್ನ ಕೈ ಸರಿಗಿಲ್ಲ ಅಂತಾಳೆ. ಅಂಥಾ ಕೈ ಸಾರ್ ಅದು."

ಕುಂಕುಮದ ನೀರು ಬೋರ್ಡಿನ ಮೇಲೆ ಬಿದ್ದು ಶಾರ್ಟ್ ಆಗಿರಬೇಕು, ಬ್ಯಾಟರಿಗೂ ಅದಕ್ಕೂ ಸಂಬಂಧವಿಲ್ಲ, ಎಂದು ನಾನು ತೀರ್ಪು ಕೊಟ್ಟೆ. ನಂಬಿಕೆಗಳನ್ನು ಪ್ರಶ್ನಿಸುವುದೇ ವಿಜ್ಞಾನ ಎಂದು ತಿಳಿದಿದ್ದ ವಯಸ್ಸದು. ಪೂಜೆ ಎಂಬ ಪದ ಕೇಳಿದ ಕೂಡಲೇ ಉಳಿದದ್ದನ್ನು ಕೇಳಿಸಿಕೊಳ್ಳುವುದನ್ನು ಬಿಟ್ಟಿದ್ದೆ.

ಮರುವರ್ಷ ಅಕ್ಟೋಬರಿನಲ್ಲಿ ಕಂಪನಿ ನಮ್ಮಿಬ್ಬರನ್ನೂ ಮೂರು ವಾರದ ತರಬೇತಿಗೆಂದು ಜಪಾನಿನ ಒಸಾಕಾಕ್ಕೆ ಕಳಿಸಿತು. ತಿಪ್ಪಕ್ಕ ಚಟ್ನಿಪುಡಿ ಕಟ್ಟಿಕೊಟ್ಟಳು. ಅವಳಿಗೆ ಹೇಳದೆ ಎತ್ತಪ್ಪ ಸತ್ತ ಬೋರ್ಡಿನ ಒಂದು ಫೋಟೋ ಜೇಬಿನಲ್ಲಿಟ್ಟುಕೊಂಡರು.

ಮೊದಲ ಭಾನುವಾರ ನಾನು ಕೋಟೆ ನೋಡಲು ಹೊರಟಿದ್ದೆ.

"ಕೋಟೆ ನಮ್ಮೂರಾಗೇ ಐತಲ್ಲ ಸಾರ್, ಇದ್ಕಿಂತ ದೊಡ್ಡದು. ಗೇಮಿನ ಅಂಗಡಿಗೆ ಹೋಗಾಣ ಬರ್ರಿ" ಎಂದರು.

ಹೋದೆವು. ಐದು ಅಂತಸ್ತಿನ ಕಟ್ಟಡ, ತುಂಬ ಆಟದ ಯಂತ್ರಗಳು. ಬಾಗಿಲು ತೆರೆಯುತ್ತಲೇ ಗದ್ದಲ ಮೈಮೇಲೆ ಬಿತ್ತು. ಎತ್ತಪ್ಪ ಒಂದು ಕ್ಷಣ ಕಣ್ಣು ಮುಚ್ಚಿ ನಿಂತು, "ಏಳ್ನೇ ಮಿಷಿನ್ನಿನ ಫ್ಯಾನು ಕೆಟ್ಟೈತೆ" ಎಂದರು. ಲೆಕ್ಕ ಹಾಕಿ ಹೋಗಿ ನೋಡಿದೆ, ಒಳಗಿನ ಫ್ಯಾನು ನಿಜವಾಗಿಯೂ ಕರಕರ ಎನ್ನುತ್ತಿತ್ತು. ಹೊಸ ಆಟಗಳೆಲ್ಲ ಕೆಳಗಿದ್ದವು. ಹಳೆಯವು ನಾಲ್ಕನೇ ಮಹಡಿಯಲ್ಲಿ, ಸಿಗರೇಟಿನ ಹೊಗೆಯ ನಡುವೆ. ಅಲ್ಲಿ ಕಚೇರಿಯ ಟೈ ಕಟ್ಟಿದ್ದ, ನರೆತ ತಲೆಯ ಒಬ್ಬ ಗೃಹಸ್ಥ ಹಿರಿಯೂರಿನ ಅದೇ ಆಕಾಶನೌಕೆಯನ್ನು ಹಾರಿಸುತ್ತಿದ್ದ.

ಆತ ಎದ್ದ ಮೇಲೆ ಎತ್ತಪ್ಪ ನೂರು ಯೆನ್ ನಾಣ್ಯವನ್ನು ಕಣ್ಣಿಗೊತ್ತಿಕೊಂಡು ಯಂತ್ರಕ್ಕೆ ಹಾಕಿದರು. ಎರಡು ನಿಮಿಷದಲ್ಲಿ ಮೂರೂ ನೌಕೆಗಳನ್ನು ಕಳೆದುಕೊಂಡರು.

"ಇಷ್ಟೇನಾ ಎತ್ತಪ್ಪಣ್ಣ? ಅಂಗಡಿ ಇಟ್ಟಿದ್ದೋರು ನೀವು!"

"ಅಡುಗೆ ಭಟ್ಟ ಊಟ ಮಾಡಾಕೆ ಕುಂತ್ರೆ ಹಿಂಗೇ ಸಾರ್. ತಿಪ್ಪಿ ಬಂದಿದ್ರೆ ಈ ಬಿಲ್ಡಿಂಗು ಬಾಗ್ಲು ಹಾಕೋವರ್ಗೂ ಎದ್ದೇಳ್ತಿರ್ಲಿಲ್ಲ."

ಅಲ್ಲಿನ ಕೆಲಸಗಾರನಿಗೆ ಫೋಟೋ ತೋರಿಸಿದೆವು. ಹಳೆಯ ಬೋರ್ಡು ಮಾರುವ ಅಂಗಡಿಯ ನಕ್ಷೆಯನ್ನು ಆತ ರಸೀದಿಯ ಹಿಂಬದಿಯಲ್ಲಿ ಬರೆದುಕೊಟ್ಟ. ಮುಂದಿನ ಭಾನುವಾರ ಆ ಅಂಗಡಿಯ ಇಕ್ಕಟ್ಟಾದ ಮೆಟ್ಟಿಲು ಹತ್ತಿದೆವು. ಗ್ರಂಥಾಲಯದಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ ಕಪಾಟು ತುಂಬ ಬೋರ್ಡುಗಳು. ಎತ್ತಪ್ಪ ಬಾಗಿಲಲ್ಲೇ ಚಪ್ಪಲಿ ಬಿಡಲು ಬಾಗಿದರು. ಬೇಡ ಬೇಡ ಎಂದು ಕೈಯಾಡಿಸಿದ ಅರವತ್ತರ ಮಾಲೀಕ ಅಷ್ಟಕ್ಕೇ ಅವರನ್ನು ಮೆಚ್ಚಿಬಿಟ್ಟನೆಂದು ಕಾಣುತ್ತದೆ, ಚಹಾ ತರಿಸಿದ.

ಬ್ಯಾಟರಿ ತೆಗೆದ ಕಥೆಯನ್ನು ನನಗೆ ಬಂದಷ್ಟು ಇಂಗ್ಲಿಷಿನಲ್ಲಿ, ಸ್ವಲ್ಪ ನಾಚಿಕೆಯಿಂದಲೇ ಹೇಳಿದೆ. ಆತ ನಗುತ್ತಾನೆಂದುಕೊಂಡಿದ್ದೆ. ನಗಲಿಲ್ಲ. ಒಂದು ಹಾಳೆ ತೆಗೆದು ಪೆಟ್ಟಿಗೆಯೊಂದನ್ನು ಬರೆದ, ಪಕ್ಕದಲ್ಲಿ ಒಂದು ಕೀಲಿಕೈ, ಕೀಲಿಕೈಯ ಕೆಳಗೆ ಬ್ಯಾಟರಿ. ಆಟವನ್ನು ಯಾರೂ ಕದ್ದು ನಕಲು ಮಾಡದಿರಲೆಂದು ತಯಾರಕರು ಅದನ್ನು ಗುಪ್ತಲಿಪಿಯಲ್ಲಿ ಬರೆದಿದ್ದರು. ಅದನ್ನು ಓದುವ ಕೀಲಿ ಇದ್ದದ್ದು ಒಂದು ಪುಟ್ಟ ನೆನಪಿನ ಕೋಶದಲ್ಲಿ. ಆ ನೆನಪು ಉಳಿಯಲು ಬ್ಯಾಟರಿಯ ವಿದ್ಯುತ್ತು ಸದಾ ಹರಿಯುತ್ತಿರಬೇಕು. ಬ್ಯಾಟರಿ ತೆಗೆದರೆ ಕೀಲಿ ಅಳಿಸಿಹೋಗುತ್ತದೆ. ತೆಗೆಯದಿದ್ದರೂ ಒಂದಲ್ಲ ಒಂದು ದಿನ ಬ್ಯಾಟರಿ ಮುಗಿದು, ಬೋರ್ಡು ತಾನಾಗಿಯೇ ಸಾಯುತ್ತದೆ.

ಇದನ್ನು ಎತ್ತಪ್ಪನವರಿಗೆ ಕನ್ನಡದಲ್ಲಿ ಹೇಳಿದೆ. ಒಂದು ವರ್ಷದ ಹಿಂದೆ ಇರಲು ಸಾಧ್ಯವಿಲ್ಲ ಎಂದಿದ್ದ ಯಂತ್ರ ನನ್ನ ಮುಂದಿನ ಆ ಹಾಳೆಯ ಮೇಲಿತ್ತು.

"ಹಂಗಾದ್ರೆ ಬೇಕಂತ್ಲೇ ಮಾಡ್ಯಾರೆ" ಎಂದರು, ಅಷ್ಟೇ. ನನ್ನ ಕಡೆ ತಿರುಗಿ ಆಗ ನೀವು ಹೀಗೆ ಹೇಳಿದ್ದಿರಿ ಎನ್ನಲಿಲ್ಲ. ಅದಕ್ಕಾಗಿ ನಾನು ಅವರಿಗೆ ಇಂದಿಗೂ ಋಣಿ. ನನಗೆ ಗೊತ್ತಿಲ್ಲದ್ದಕ್ಕೂ ಇಲ್ಲವೇ ಇಲ್ಲದ್ದಕ್ಕೂ ವ್ಯತ್ಯಾಸವಿದೆ ಎಂದು ಕಾಲೇಜಿನಲ್ಲಿ ಓದಿ ಪರೀಕ್ಷೆ ಬರೆದಿದ್ದೆ. ಅದು ನನಗೆ ಅರ್ಥವಾದದ್ದು ಆ ಮೆಟ್ಟಿಲಿನ ತುದಿಯ ಅಂಗಡಿಯಲ್ಲಿ, ಅವರ ಮೌನದಿಂದ.

ಅದೇ ಆಟದ, ಇನ್ನೂ ಜೀವವಿದ್ದ ಒಂದು ಬೋರ್ಡು ಸಿಕ್ಕಿತು. ಪುಟ್ಟ ಟಿವಿಗೆ ಜೋಡಿಸಿ ಮಾಲೀಕ ಓಡಿಸಿ ತೋರಿಸಿದ. ಬ್ಯಾಟರಿ ಎಷ್ಟು ದಿನ ಬರುತ್ತದೆ ಎಂದರೆ, ಒಂದು ವರ್ಷ ಇರಬಹುದು, ನಾಳೆಯೇ ಮುಗಿಯಲೂಬಹುದು ಎಂದ. ಹಳೆಯದನ್ನು ಕೀಳುವ ಮೊದಲೇ ಹೊಸದನ್ನು ಪಕ್ಕದಲ್ಲಿ ಬೆಸೆದು, ವಿದ್ಯುತ್ತು ಒಂದು ಕ್ಷಣವೂ ನಿಲ್ಲದಂತೆ ಬದಲಿಸುವ ವಿಧಾನವನ್ನು ಎತ್ತಪ್ಪನವರ ಕೈ ಹಿಡಿದು ಕಲಿಸಿದ. ಬೋರ್ಡನ್ನು ಕೈಗೆ ಕೊಟ್ಟಾಗ ಎತ್ತಪ್ಪ ಅದನ್ನು ಕಣ್ಣಿಗೊತ್ತಿಕೊಂಡರು. ಮಾಲೀಕ ತಲೆ ಬಾಗಿಸಿ ನಿಂತ.

ವಿಮಾನದಲ್ಲಿ ಅದು ಟವೆಲ್ಲಿನಲ್ಲಿ ಸುತ್ತಿಕೊಂಡು ಅವರ ತೊಡೆಯ ಮೇಲಿತ್ತು. ಮೇಲಿನ ಪೆಟ್ಟಿಗೆಯಲ್ಲಿಡಿ ಎಂದರೆ, "ಸುಮ್ಕಿರ್ರಿ ಸಾರ್, ಕುಲುಕಿದ್ರೆ ಕೂಸಿನಂಗೆ ಎದ್ದುಬಿಡ್ತೈತೆ" ಎಂದರು. ನಕ್ಕರೂ, ದಾರಿಯುದ್ದಕ್ಕೂ ಅವರಿಗೆ ನಿದ್ದೆ ಬರಲಿಲ್ಲ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಚಿತ್ರದುರ್ಗದ ಅವರ ಮನೆಗೆ ಹೋದೆ. ಹಿರಿಯೂರಿನ ಹಳೆಯ ಯಂತ್ರವನ್ನು ಹಿತ್ತಲಿನ ಕೋಣೆಯಿಂದ ನಡುಮನೆಗೆ ತಂದಿದ್ದರು. ಹೊಸ ಬೋರ್ಡು ಒಳಗೆ ಸೇರಿತ್ತು. ತಿಪ್ಪಕ್ಕ ಅಡುಗೆಮನೆಯ ಬಾಗಿಲಲ್ಲಿ ಸೆರಗಿಗೆ ಕೈ ಒರೆಸುತ್ತ ನಿಂತಿದ್ದಳು.

"ಬಾರೇ, ನೀನೇ ಹಾಕು" ಎಂದರು ಎತ್ತಪ್ಪ.

ಅವಳು ಬಂದಳು. ಸ್ವಲ್ಪ ಹೊತ್ತು ಸ್ವಿಚ್ಚನ್ನೇ ನೋಡಿದಳು. ಒತ್ತಿದಳು. ನೀಲಿಯಲ್ಲ, ನಕ್ಷತ್ರಗಳು. ಎಂಟು ವರ್ಷಗಳ ಬಳಿಕ ಹಿಡಿಯನ್ನು ಹಿಡಿದವಳು ಹದಿನೈದು ನಿಮಿಷ ಬಿಡಲಿಲ್ಲ. ಗಂಡ ಗುಂಡಿ ಒತ್ತಲು ಹೋದಾಗ, "ಆಕಡೀಕ್ ಸರೀರಿ, ನಿಮಗೆ ಬರಾದಿಲ್ಲ" ಎಂದು ಮೊಣಕೈಯಲ್ಲಿ ದೂಡಿದಳು. ಅದೇ ವರ್ಷ ಮನೆಯ ಮುಂದಿನ ಕೋಣೆಯಲ್ಲಿ ಮಿಕ್ಸಿ, ಫ್ಯಾನು ರಿಪೇರಿ ಶುರುಮಾಡಿದಳು. ಇಂದು ಹೊಳಲ್ಕೆರೆಯಿಂದಲೂ ಜನ ಮಿಕ್ಸಿ ಹೊತ್ತು ಅವಳಲ್ಲಿಗೆ ಬರುತ್ತಾರೆ.

ಈ ಪ್ರಸಂಗವನ್ನು ನಾನು ಹಲವರಿಗೆ ಹೇಳಿದ್ದೇನೆ. ಕಾರಣ ತಿಳಿದರೆ ಅಪರಾಧಭಾವ ಕರಗುತ್ತದೆ, ಒಂದು ಬೋರ್ಡು ಒಬ್ಬಳ ಕೈಯನ್ನು ಹಿಂತಿರುಗಿಸಿತು, ಎಂಬುದು ನನ್ನ ವಿವರಣೆಯಾಗಿತ್ತು.

2009ರ ಬೇಸಿಗೆಯಲ್ಲಿ ಎತ್ತಪ್ಪ ಹೃದಯಾಘಾತದಿಂದ ತೀರಿಕೊಂಡರು. ಹನ್ನೊಂದನೆಯ ದಿನದ ಕಾರ್ಯ ಮುಗಿದು ಜನ ಚದುರಿದ ಮೇಲೆ ತಿಪ್ಪಕ್ಕನ ಬಳಿ ಕುಳಿತು, ಸಮಾಧಾನಕ್ಕೆಂದು ಆ ವಿವರಣೆಯನ್ನೇ ಹೇಳಿದೆ. ಅವಳು ನನ್ನನ್ನು ದಿಟ್ಟಿಸಿ ನೋಡಿದಳು.

"ಬೋರ್ಡಾ? ಬೋರ್ಡಿಂದ ಏನಾಗ್ತೈತೆ ತಮ್ಮಾ. ಮಿಷಿನ್ ಮಾರಿದ ದಾವಣಗೆರೆಯೋನು ಮೊದಲ್ನೇ ದಿನಾನೇ ಇವ್ರಿಗೆ ಹೇಳಿದ್ನಂತೆ, ಆ ಬ್ಯಾಟ್ರಿ ಮಾತ್ರ ಬಿಚ್ಚಬ್ಯಾಡ್ರಿ ಅಂತ. ಯಾಕೆ ಅಂತ ಇವ್ರು ಕೇಳಿದ್ರಂತೆ, ಅವನಿಗೆ ಗೊತ್ತಿರ್ಲಿಲ್ಲ. ಕಾರಣ ಇಲ್ದಿರ ಮಾತು ಅಂತ ನಕ್ಕಂಡು ಬಂದ್ರಂತೆ, ನನಗೆ ಹೇಳ್ಲೇ ಇಲ್ಲ. ಎಂಟು ವರ್ಷ ಬಾಯಿ ಬಿಡ್ಲಿಲ್ಲ. ಜಪಾನಿಂದ ಬಂದ ರಾತ್ರಿ ಎಲ್ಲಾ ಹೇಳಿ, ತಪ್ಪು ನಂದು ಅಂತ ಅತ್ತುಬಿಟ್ರು. ಅದಕ್ಕೆ ಬೆಳಿಗ್ಗೆ ಸ್ವಿಚ್ ಹಾಕಿದೆ. ಆಟ ಬರದಿದ್ರೂ ಹಾಕ್ತಿದ್ದೆ."