ಮೊದಲು ಊಟ, ಆಮೇಲೆ ಗುಡಿ

ಸವದತ್ತಿಯಲ್ಲಿ ನಮ್ಮ ಪಕ್ಕದ ಮನೆಯ ಹೆಂಗಸನ್ನು ಓಣಿಯವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಯಾರೇ ಬರಲಿ, ಬಂದ ಕೆಲಸ ಕೇಳುವ ಮೊದಲೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಮೊದಲ ಉಣ್ರಿ, ಆಮ್ಯಾಲ ಮಾತು" ಎನ್ನುತ್ತಿದ್ದರು. ಕರೆಂಟಿನ ಮೀಟರ್ ನೋಡಲು ಬಂದವನೂ ರೊಟ್ಟಿ ತಿಂದೇ ಹೋಗಬೇಕು.

ಹುಬ್ಬಳ್ಳಿಯಿಂದ ಬಂದಿದ್ದ ನನ್ನ ಅವ್ವನಿಗೆ ಮಲಪ್ರಭೆಯ ದಂಡೆಯ ಹಳೆಯ ಗುಡಿ ನೋಡುವ ಆಸೆಯಿತ್ತು. ಮೊಣಕಾಲು ನೋವಿನಿಂದ ಪ್ರತಿ ಸಲವೂ ತಪ್ಪಿಹೋಗುತ್ತಿತ್ತು. ಈ ಸಲ ಬಾಡಿಗೆ ಕಾರು ತಂದೆ. ಕಾಕು ಬುತ್ತಿ ಕಟ್ಟಿಕೊಂಡು ತಾವಾಗಿಯೇ ಹತ್ತಿ ಕುಳಿತರು.

ದಂಡೆಯ ಬಿದಿರು ಮೆಳೆಯಲ್ಲಿ ಗಾಳಿಗೆ ಗಳಗಳು ಒಂದಕ್ಕೊಂದು ಉಜ್ಜಿ ಕಿರುಗುಡುತ್ತಿದ್ದವು. ಕೆಳಗೆ ಹೊಳೆ ಮಿನುಗುತ್ತಿತ್ತು. ಅವ್ವನಿಗೆ ತೋರಿಸಬೇಕು ಎನ್ನುವಷ್ಟರಲ್ಲಿ ಕಾಕು ಚಾಪೆ ಹಾಸಿಬಿಟ್ಟಿದ್ದರು.

"ಕಾಕು, ಮಧ್ಯಾಹ್ನ ಗುಡಿ ಬಾಗಲಾ ಹಾಕ್ತಾರ್ರಿ. ಮೊದಲ ದರ್ಶನ ಮಾಡೂಣ್ರಿ" ಎಂದು ಬೇಡಿಕೊಂಡೆ.

"ದೇವರೇನ ಓಡಿ ಹೋಗ್ತಾನೇನು? ಮೊದಲ ಉಣ್ಣು."

ರೊಟ್ಟಿಯಾದ ಮೇಲೆ ಬದನೆಕಾಯಿ, ಅದಾದ ಮೇಲೆ ಮೊಸರನ್ನ. ಅವ್ವ ಎಲ್ಲವನ್ನೂ ಎರಡೆರಡು ಸಲ ಹಾಕಿಸಿಕೊಂಡಳು. ನಾವು ಏಳುವಷ್ಟರಲ್ಲಿ ಪೂಜಾರಿ ಗುಡಿಗೆ ಬೀಗ ಹಾಕಿ ಮೆಟ್ಟಿಲಿಳಿಯುತ್ತಿದ್ದರು. ನಾನು ಓಡಿಹೋಗಿ ಕೈಮುಗಿದೆ. ಅವರು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಕಾಕು ಕೂಗಿದರು: "ಪೂಜಾರ್ರ, ಊಟ ಆಗೇತೇನ್ರಿ?"

ಆಗಿರಲಿಲ್ಲ. ಪೂಜಾರಿ ಪಟ್ಟಾಗಿ ಕುಳಿತು ಉಂಡರು. ಕೈ ತೊಳೆದು, "ಇನ್ನ ಸಂಜೀಕೇ ಬಾಗಲಾ ತೆಗೀತೇನ್ರಿ" ಎಂದು ಮನೆಯ ದಾರಿ ಹಿಡಿದರು. ಅವ್ವನ ಬಸ್ಸು ಅದಕ್ಕಿಂತ ಮೊದಲೇ ಇತ್ತು.

ಮರಳುವಾಗ ಸಿಟ್ಟಿನಲ್ಲಿ ನಾನು ಕಾರಿನ ಬಾಗಿಲನ್ನು ಧಡಾರನೆ ಹಾಕಿದೆ. ಬಸ್ ಹತ್ತುವ ಮುಂಚೆ ಅವ್ವ ಕಾಕುವಿನ ಕೈ ಹಿಡಿದು ಹೇಳಿದಳು: "ಮತ್ತ ಬರತೇನ್ರಿ. ನೀವು ಬರಂಗಿಲ್ಲಂದ್ರ ನಾ ಆ ಗುಡಿಗೆ ಹೋಗಂಗೇ ಇಲ್ಲ ನೋಡ್ರಿ."