ಗುಳಿಗೆಯ ಒಪ್ಪತ್ತು

ಅತ್ತೆಯ ಕ್ಯಾನ್ಸರ್ ಗುಳಿಗೆಯ ಪೇಟೆಂಟ್ ಯಾವಾಗ ಮುಗಿಯುತ್ತದೆ ಎಂದು ನಾನು ಹುಡುಕಲು ಕೂತದ್ದು ಹಟಕ್ಕೆ ಬಿದ್ದು. ಅದು ಮುಗಿದರೆ ಬೇರೆ ಕಂಪನಿಗಳೂ ಅದೇ ಗುಳಿಗೆ ಮಾಡಬಹುದು, ಬೆಲೆ ಇಳಿಯುತ್ತದೆ. ಇನ್ನೂ ಬಹಳ ವರ್ಷ ಇದೆ ಎಂದು ಬೀದರಿನ ಔಷಧಿ ಅಂಗಡಿಯವರು ಹೇಳಿದ್ದರು. ಆಧಾರ ಏನು ಎಂದು ಕೇಳಿದೆ. ನಕ್ಕರು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳಿಗೆ ಆ ನಗು ಸಾಕಾಯಿತು.

ಬೀದರಿನ ನೌಬಾದ್ ಬಡಾವಣೆಯ ನನ್ನ ಬಾಡಿಗೆ ಕೋಣೆಯಲ್ಲಿ ಎರಡು ಮಧ್ಯಾಹ್ನ ಕೂತು ಪೇಟೆಂಟ್ ಕಚೇರಿಯ ಜಾಲತಾಣ ಜಾಲಾಡಿದೆ. ಡಬ್ಬಿಯ ಮೇಲಿನ ಹೆಸರು ಹಾಕಿದರೆ ಅಲ್ಲಿ ಏನೂ ಸಿಗುವುದಿಲ್ಲ. ರಾಸಾಯನಿಕದ ಉದ್ದನೆಯ ಹೆಸರು ಬೇಕು. ಕೊನೆಗೆ ಸಿಕ್ಕಿತು. ಅರ್ಜಿ ಹಾಕಿದ ದಿನದಿಂದ ಇಪ್ಪತ್ತು ವರ್ಷ. ಆ ವರ್ಷದ ದೀಪಾವಳಿಯ ಮರುವಾರಕ್ಕೆ ಅವಧಿ ತೀರುತ್ತಿತ್ತು.

ಭಾಲ್ಕಿಯ ನಮ್ಮ ಮನೆಗೂ ಹೋಗದೆ ನೇರ ಔರಾದಿನ ಬಸ್ಸು ಹತ್ತಿದೆ. ಅತ್ತೆ, ಅಂದರೆ ಅಪ್ಪನ ಅಕ್ಕ, ಅಲ್ಲಿ ಶಾಲಾ ಶಿಕ್ಷಕಿ. ತೀರ್ಪು ಓದುವವಳಂತೆ ತಾರೀಖು ಹೇಳಿದೆ.

"ಖರೇನ ಏನವಾ, ವಕೀಲಸಾಬ?"

"ದಾಖಲೆ ಅದ ಅತ್ತಿ. ವಾದಕ್ಕ ಜಾಗಾನೇ ಇಲ್ಲ."

ಅವರು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರು.

ಮೂರು ತಿಂಗಳ ಮೇಲೆ ಅತ್ತೆ ತಪಾಸಣೆಗೆ ಬೀದರಿಗೆ ಬಂದಾಗ ಗಡ್ಡೆ ಮತ್ತೆ ಬೆಳೆದಿತ್ತು. ಊಟವಾದ ಮೇಲೆ ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ ನುಂಗುತ್ತಿದ್ದೀರಾ ಎಂದು ವೈದ್ಯರು ಕೇಳಿದರು. ಅತ್ತೆ ಸೆರಗು ಸರಿಪಡಿಸಿಕೊಂಡರು.

"ಸೋಮವಾರ ಒಪ್ಪತ್ತು ಇರ್ತೇನ್ರಿ. ಒಂದೇ ಊಟ, ಒಂದೇ ಗುಳಿಗಿ. ಆಮ್ಯಾಲ ದಿನಾ ಹಂಗೇ ಮಾಡ್ದೆ. ತುಟ್ಟಿ ಗುಳಿಗಿ, ಮೂರು ತಿಂಗಳಿಗಂತ ತಂದಿದ್ದನ್ನೇ ದೀಪಾವಳಿ ತನಕ ಸಾಗಿಸಿದ್ರ ಸಾಕಿತ್ತಲ್ರಿ."

ವೈದ್ಯರು ಗದರಲಿಲ್ಲ. ಒಂದು ತಿಂಗಳು ಎರಡೂ ಹೊತ್ತು ತಪ್ಪದೆ ತೆಗೆದುಕೊಳ್ಳಿ, ಆಮೇಲೆ ನೋಡೋಣ ಎಂದರು. 'ನೋಡೋಣ' ಎನ್ನುವಾಗ ಅವರು ನಮ್ಮ ಮುಖ ನೋಡಲಿಲ್ಲ. ನನಗೆ ಆ ಉಪವಾಸವನ್ನು ಬೈಯಬೇಕೆನಿಸಿತು. ದೇವರನ್ನು ಒಪ್ಪದ ನನಗೆ ಅದು ಸುಲಭವೂ ಹೌದು. ಆದರೆ ಎಷ್ಟು ದಿನ ಸಾಗಿಸಬೇಕೆಂದು ಹೇಳಿದ್ದು ನಾನು.

ಚರ್ಚೆಗೆ ಹೋಗುವ ಮೊದಲು ಎದುರು ಪಕ್ಷದ ವಾದವನ್ನೂ ಬರೆದುಕೊಳ್ಳುವುದು ನಮ್ಮ ರೂಢಿ. ಇಲ್ಲಿ ಅದನ್ನು ಮಾಡಿರಲಿಲ್ಲ. ಆ ಸಂಜೆ ಅತ್ತೆಯನ್ನು ಕೋಣೆಯಲ್ಲಿ ಮಲಗಿಸಿ, ನನ್ನ ಮಾತಿಗೆ ವಿರುದ್ಧವಾದದ್ದನ್ನೇ ಹುಡುಕಿದೆ. ಹೆಚ್ಚು ಹೊತ್ತು ಬೇಕಾಗಲಿಲ್ಲ. ಅದೇ ಔಷಧದ ಲವಣರೂಪಕ್ಕೆ, ಅಂದರೆ ಗುಳಿಗೆಯೊಳಗೆ ಅದು ಇರುವ ರೂಪಕ್ಕೆ, ಇನ್ನೊಂದು ಪೇಟೆಂಟ್ ಇತ್ತು. ಅದಕ್ಕೆ ಇನ್ನೂ ಐದು ವರ್ಷ ಬಾಕಿ. ಅದು ಬೇರೆ ಕಂಪನಿಗಳನ್ನು ತಡೆಯುತ್ತದೋ, ಯಾರಾದರೂ ನ್ಯಾಯಾಲಯದಲ್ಲಿ ಬೀಳಿಸುತ್ತಾರೋ, ಎಷ್ಟು ಓದಿದರೂ ತಿಳಿಯಲಿಲ್ಲ.

ಬೆಳಿಗ್ಗೆ ಹೇಳಿದೆ. "ಅಗ್ಗದ ಗುಳಿಗಿ ದೀಪಾವಳಿಗೆ ಬರಬಹುದು ಅತ್ತಿ, ಬರದೇನೂ ಇರಬಹುದು. ನನಗ ಗೊತ್ತಿಲ್ಲ."

"ಗೊತ್ತಿಲ್ಲ ಅಂತ ನಿನ್ನ ಬಾಯಾಗ ಕೇಳಿದ್ದು ಇದೇ ಮೊದಲು," ಎಂದರು. ಮಾತಿನಲ್ಲಿ ಕೊಂಕು ಇತ್ತೋ ಇಲ್ಲವೋ, ಧ್ವನಿ ಮೆತ್ತಗಿತ್ತು.

ಆಮೇಲೆ ಚೀಲದಿಂದ ಸ್ಟೀಲಿನ ಡಬ್ಬಿ ತೆಗೆದು ಮುಂದಿಟ್ಟರು. ಮೂರು ತಿಂಗಳ ಸಂಜೆಯ ಗುಳಿಗೆಗಳು, ಒಂದೂ ಹಾಳಾಗದಂತೆ ಬೆಳ್ಳಿಹಾಳೆಯ ಸಮೇತ ಕತ್ತರಿಸಿ ಜೋಡಿಸಿದ್ದರು.

"ಇವನ್ನೂ ಈಗ ಸ್ವಲ್ಪ ಸ್ವಲ್ಪ ಕೂಡಿಸಿ ನುಂಗಿದ್ರ, ತಪ್ಪಿದ್ದು ತುಂಬ್ತದೇನವಾ?"

ತುಂಬುವುದಿಲ್ಲ ಎಂದು ನನಗೆ ಗೊತ್ತಿತ್ತು, ಅಥವಾ ಗೊತ್ತು ಎಂದುಕೊಂಡಿದ್ದೆ. ಈ ಸಲ ವೈದ್ಯರಿಗೆ ಫೋನ್ ಹಚ್ಚಿ ಅತ್ತೆಯ ಕೈಗೆ ಕೊಟ್ಟೆ.